ಮಲೆನಾಡಿನ ಮೋಟಾರಿಗೆ ಯಾವ ಪೆಟ್ರೋಲು?

ಕಾಫಿಯ ಸೀಮೆಯಲ್ಲಿ ಮೋಟಾರು ಗಾಡಿಯು ಭೋಗದ ವಸ್ತುವಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಈ ಪ್ರಾಂತಗಳಲ್ಲಿ ತೋಟದ ಮನೆಗಳು ಒಂದಕ್ಕೊಂದು ದೂರ. ಸಂತೆಯೂ ಶಾಲೆಯೂ ವೈದ್ಯಶಾಲೆಯೂ ಮತ್ತಷ್ಟು ದೂರ. ಮಳೆಗಾಲದ ನಡುರಾತ್ರಿಯಲ್ಲಿ ಮನೆಯವರೊಬ್ಬರಿಗೆ ಬೇನೆ ಬಂದರೆ ಗಾಡಿಯೇ ಗತಿ. ಆದಕಾರಣ ಅದಕ್ಕೆ ಎಂತಹ ಇಂಧನವನ್ನು ಹಾಕತಕ್ಕದ್ದೆಂಬ ವಿಚಾರವು ಗಾಡಿ ನಡೆಸುವವರಿಗೆ ಮಾತ್ರ ಸೇರಿದುದಲ್ಲ. ಮನೆಯ ಆಯವ್ಯಯವನ್ನು ನೋಡಿಕೊಳ್ಳುವ ಗೃಹಿಣಿಯರಿಗೂ ಸೇರಿದುದು. ಈಗ ಅನೇಕ ಬಂಕುಗಳಲ್ಲಿ ಸಾಧಾರಣ ಪೆಟ್ರೋಲಿನ ಜೊತೆಗೆ ಎಕ್ಸ್‌ಪಿ ೯೫, ಪವರ್ ೯೫ ಮೊದಲಾದ ಹೆಸರಿನ, ಹೆಚ್ಚು ಬೆಲೆಯ ಪೆಟ್ರೋಲೂ ದೊರೆಯುತ್ತದೆ. ಬೆಲೆ ಹೆಚ್ಚಿದ್ದರೆ ಬಲವೂ ಹೆಚ್ಚು, ಘಟ್ಟವನ್ನು ಸುಲಭವಾಗಿ ಹತ್ತಬಹುದು ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ಮೊದಲು ಆ ಸಂಖ್ಯೆಯ ಅರ್ಥವನ್ನು ತಿಳಿಯಬೇಕು. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಸಿಲಿಂಡರಿನೊಳಗೆ ಒತ್ತಲ್ಪಟ್ಟಾಗ ಕಿಡಿ ಹಾರುತ್ತದೆ. ಆ ಕಿಡಿಯಿಂದ ಉರಿ ಕ್ರಮವಾಗಿ ಹರಡಿ ಪಿಸ್ಟನ್ನನ್ನು ತಳ್ಳಬೇಕು. ಕಾಫಿ ಬೀಜವನ್ನು ಹುರಿಯುವಾಗ ಉರಿ ಹದವಾಗಿರಬೇಕೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರಂತೆಯೇ ಸಿಲಿಂಡರಿನಲ್ಲಿಯೂ ಉರಿಗೆ ಹದ ಬೇಕು. ಒತ್ತಡವೂ ಕಾವೂ ಮಿತಿಮೀರಿದರೆ, ಉರಿ ಇನ್ನೂ ತಲಪದ ಮೂಲೆಯಲ್ಲಿರುವ ಮಿಶ್ರಣವು ತಾನಾಗಿಯೇ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಆಗ ಕೇಳಿಬರುವ ‘ಕಟಕಟ’ ಸದ್ದಿಗೇ ನಾಕಿಂಗ್ ಎಂದು ಹೆಸರು. ಇದು ಬಹುಕಾಲ ನಡೆದರೆ ಪಿಸ್ಟನ್ನಿಗೇ ಅಪಾಯ. ಈ ದೋಷವನ್ನು ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ ಆಕ್ಟೇನ್ ಎಂಬ ದ್ರವಕ್ಕೆ ೧೦೦, ಹೆಪ್ಟೇನ್ ಎಂಬುದಕ್ಕೆ ೦ ಎಂದಿಟ್ಟುಕೊಂಡು ಈ ಅಳತೆಯನ್ನು ಮಾಡಿದ್ದಾರೆ. ಇದು ತಾಳ್ಮೆಯ ಅಳತೆಯೇ ಹೊರತು ಶಕ್ತಿಯ ಅಳತೆಯಲ್ಲ. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಒಂದು ಲೀಟರಿನಲ್ಲಿ ಅಡಗಿರುವ ಶಕ್ತಿ ಹೆಚ್ಚುವುದಿಲ್ಲ.

ಈ ತಾಳ್ಮೆಯನ್ನು ಹೆಚ್ಚಿಸುವುದಕ್ಕಾಗಿ ಲೋಕವು ಒಂದು ಕಾಲದಲ್ಲಿ ಭಾರಿ ಬೆಲೆಯನ್ನು ತೆತ್ತಿತು. ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಎಂಬಾತನು ಸೀಸದ ಒಂದು ಸಂಯುಕ್ತವನ್ನು ಬೆರೆಸಿದರೆ ಸದ್ದು ಅಡಗುವುದೆಂದು ಕಂಡುಹಿಡಿದನು. ಆದರೆ ಸೀಸವು ವಿಷ. ಹೊಗೆಯ ಮೂಲಕ ಅದು ಮಕ್ಕಳ ಮೆದುಳಿಗೂ ಕೇಡು ಮಾಡುತ್ತದೆ. ನಮ್ಮ ದೇಶದಲ್ಲಿ ೨೦೦೦ದ ಫೆಬ್ರವರಿಯಿಂದ ಸೀಸದ ಪೆಟ್ರೋಲಿನ ಮಾರಾಟ ನಿಂತಿತು.

ಇನ್ನು ನಮ್ಮ ಬೆಟ್ಟಗಳ ವಿಶೇಷ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡವು ಮಂಗಳೂರಿನಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಸಿಲಿಂಡರಿಗೆ ಹೋಗುವ ಗಾಳಿ ತೆಳುವಾದುದರಿಂದ ಎಂಜಿನ್ನಿನ ಬಲ ತುಸು ಕುಗ್ಗುತ್ತದೆ. ಅದರೊಡನೆ ನಾಕಿಂಗ್ ಭಯವೂ ಕುಗ್ಗುತ್ತದೆ. ಎಂದರೆ ಬೆಟ್ಟದ ಮೇಲಿನ ಸಾಧಾರಣ ಗಾಡಿಗೆ ಬೇಕಾದ ಆಕ್ಟೇನ್ ಹೆಚ್ಚಲ್ಲ, ಕಡಿಮೆ! ಆದರೆ ಟರ್ಬೋ ಇರುವ ಎಂಜಿನ್ನಿಗೆ ಈ ರಿಯಾಯಿತಿ ಅಷ್ಟಾಗಿ ಇಲ್ಲ. ಅದು ತೆಳು ಗಾಳಿಯನ್ನೂ ಒತ್ತಿ ತುಂಬಿಕೊಳ್ಳುತ್ತದೆ. ಮತ್ತೊಂದು ಮಾತನ್ನೂ ನೆನಪಿನಲ್ಲಿಡಬೇಕು. ಚಿಕ್ಕಮಗಳೂರಿನ ಬೀದಿಯಲ್ಲಿ ಸದ್ದಿಲ್ಲದೆ ನಡೆದ ಗಾಡಿ, ಬೇಸಗೆಯ ಮಧ್ಯಾಹ್ನ ಉಜಿರೆಯ ಕಡೆಯಿಂದ ಮಂದಿಯನ್ನೂ ಸಾಮಾನನ್ನೂ ಹೇರಿಕೊಂಡು ಚಾರ್ಮಾಡಿ ಘಟ್ಟವನ್ನು ಹತ್ತುವಾಗ, ಕೆಳಗಿನ ತಿರುವುಗಳಲ್ಲಿಯೇ ಸದ್ದು ಮಾಡಬಹುದು. ಅಲ್ಲಿ ಗಾಳಿ ದಟ್ಟ, ಕಾವು ಹೆಚ್ಚು, ಭಾರವೂ ಹೆಚ್ಚು. ಕೊಟ್ಟಿಗೆಹಾರದ ತಂಪು ಇನ್ನೂ ದೂರ. ಹಾಗಾದಾಗ ಮಾಡತಕ್ಕ ಮೊದಲ ಕೆಲಸವು ಗೇರನ್ನು ಇಳಿಸುವುದು. ಮೇಲಿನ ಗೇರಿನಲ್ಲಿಯೇ ತುಳಿದು ಎಂಜಿನ್ನನ್ನು ಮುಲುಗಿಸುವುದೇ ಅನೇಕ ಸಲ ಈ ಸದ್ದಿನ ಮೂಲ.

ಹಾಗಾದರೆ ಯಾವುದನ್ನು ಹಾಕಬೇಕು? ಉತ್ತರವು ಗಾಡಿಯೊಡನೆ ಬಂದ ಕೈಪಿಡಿಯಲ್ಲಿದೆ. ಎಷ್ಟೋ ಗಾಡಿಗಳಲ್ಲಿ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿಯೂ ಬರೆದಿರುತ್ತದೆ. ಅಲ್ಲಿ ೯೧ ಎಂದಿದ್ದರೆ ಸಾಧಾರಣ ಪೆಟ್ರೋಲೇ ಸಾಕು. ೯೫ ಕಡ್ಡಾಯವೆಂದಿದ್ದರೆ ಅದನ್ನು ಅಲಕ್ಷಿಸಕೂಡದು. ಈಚಿನ ಎಂಜಿನ್ನುಗಳು ನಾಕಿಂಗನ್ನು ತಾವೇ ಅರಿತು ಕಿಡಿಯನ್ನು ತುಸು ತಡವಾಗಿ ಹಾರಿಸಿ ಸದ್ದನ್ನು ಅಡಗಿಸಿಕೊಳ್ಳುತ್ತವೆ. ಆದರೆ ಅದರಿಂದ ಬಲವೂ ಮೈಲೇಜೂ ಕುಂದುತ್ತವೆ. ಡೀಸೆಲಿನ ಜೀಪುಗಳಿಗಂತೂ ಈ ಸಂಖ್ಯೆ ಸಂಬಂಧಿಸಿದುದೇ ಅಲ್ಲ. ಅಲ್ಲಿ ಕಿಡಿಯಿಲ್ಲ, ಒತ್ತಡದಿಂದಲೇ ಇಂಧನ ಹತ್ತಿಕೊಳ್ಳಬೇಕು, ಅದರ ಅಳತೆ ಸೀಟೇನ್ ಎಂಬ ಬೇರೆಯೇ ಸಂಖ್ಯೆ. ಅಮೆರಿಕದಲ್ಲಿರುವ ಮಕ್ಕಳು ‘ಇಲ್ಲಿ ೮೭ನ್ನೇ ಹಾಕುತ್ತೇವೆ’ ಎಂದು ಬರೆದರೆ ಬೆರಗಾಗಬೇಡಿ. ಅಲ್ಲಿಯ ಲೆಕ್ಕದ ಕ್ರಮ ಬೇರೆ. ಅವರ ೮೭ ನಮ್ಮ ೯೧ಕ್ಕೆ ಹೆಚ್ಚುಕಡಮೆ ಸಮ.

ಈಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ೨೦೨೩ರಿಂದ ಮೊದಲ್ಗೊಂಡು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್, ಎಂದರೆ ಮದ್ಯಸಾರ, ಬೆರೆತ ಪೆಟ್ರೋಲು ದೇಶದಲ್ಲಿ ಹಬ್ಬಿದೆ. ಎಥನಾಲಿನ ಆಕ್ಟೇನ್ ಹೆಚ್ಚು; ಅದು ಬೆರೆತ ಪೆಟ್ರೋಲಿನ ಸಂಖ್ಯೆ ೯೫ಕ್ಕೆ ಏರುವುದೆಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವು ೨೦೨೫ರಲ್ಲಿ ಪ್ರಕಟಿಸಿತು. ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದುದರಿಂದ ಮೈಲೇಜು ಸ್ವಲ್ಪ ಇಳಿಯುತ್ತದೆ. ಎಥನಾಲಿಗೆ ನೀರೆಂದರೆ ಪ್ರೀತಿ. ಮಲೆನಾಡಿನ ಆರ್ದ್ರ ಮಾಸಗಳಲ್ಲಿ ಸಡಿಲ ಮುಚ್ಚಳದ ಡಬ್ಬದಲ್ಲಿಟ್ಟ ಪೆಟ್ರೋಲಿಗೆ ನೀರು ಸೇರಿದರೆ, ಎಥನಾಲೂ ನೀರೂ ಕೂಡಿ ತಳಕ್ಕಿಳಿಯುತ್ತವೆ; ಮೇಲುಳಿದ ಪೆಟ್ರೋಲು ತನ್ನ ಆಕ್ಟೇನನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಜೂನಿನಲ್ಲಿ ತಂದುದನ್ನು ಅಕ್ಟೋಬರಿನವರೆಗೆ ಇಡುವುದು ತರವಲ್ಲ. ಮನೆಯೊಳಗೆ ಇಡುವುದಂತೂ ಬೆಂಕಿಯನ್ನು ಬರಮಾಡಿಕೊಂಡಂತೆ. ಹಳೆಯ ಗಾಡಿಯುಳ್ಳವರು ರಬ್ಬರಿನ ಕೊಳವೆಗಳನ್ನು ಆಗಾಗ ಪರೀಕ್ಷೆ ಮಾಡಿಸತಕ್ಕದ್ದು. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಆ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲವೆಂದು ಭಾವಿಸಲಾಗದು. ಬಂಕಿನಲ್ಲಿ ವಿಚಾರಿಸಿಯೇ ತಿಳಿಯಬೇಕು.

ಕಡೆಗೆ ಲೆಕ್ಕವನ್ನು ನೋಡೋಣ. ಲೀಟರಿಗೆ ೮ ರೂಪಾಯಿ ಹೆಚ್ಚೆಂದೂ, ತಿಂಗಳಿಗೆ ೬೦ ಲೀಟರು ಬೇಕೆಂದೂ ಇಟ್ಟುಕೊಂಡರೆ ವರ್ಷಕ್ಕೆ ೫,೭೬೦ ರೂಪಾಯಿ ಆಗುತ್ತದೆ. ಗಾಡಿ ಕೇಳದಿದ್ದುದಕ್ಕೆ ಇಷ್ಟನ್ನು ಸುರಿಯುವುದಕ್ಕಿಂತ, ಸಕಾಲದಲ್ಲಿ ಎಣ್ಣೆ ಬದಲಿಸುವುದಕ್ಕೂ ಸವೆದ ಟಯರು, ಬ್ರೇಕುಗಳನ್ನು ಹೊಸದಾಗಿ ಹಾಕಿಸುವುದಕ್ಕೂ ವಿನಿಯೋಗಿಸಿದರೆ ಲೇಸು. ಘಟ್ಟವನ್ನು ಹತ್ತಿಸುವುದು ಎಂಜಿನ್ನಾದರೂ, ಮನೆಮಂದಿಯನ್ನು ಕ್ಷೇಮವಾಗಿ ಇಳಿಸುವುದು ಬ್ರೇಕು ಎಂಬುದನ್ನು ಮರೆಯತಕ್ಕದ್ದಲ್ಲ.