ಆಕಾಶದ ಹೇನು

ಕೈಯಾರೆ ಮಾಡಿದ ವಿಮಾನಕ್ಕೆ ಗರುಡ, ಹಂಸ ಎಂದೇನಾದರೂ ಹೆಸರಿಡುವುದು ಬಿಟ್ಟು ‘ಹೇನು’ ಎಂದು ಕರೆದವನೊಬ್ಬ ಫ್ರಾನ್ಸಿನಲ್ಲಿದ್ದ. ಅವನ ಹೆಸರು ಆನ್ರಿ ಮಿನ್ಯೆ. ವಿಮಾನದ ಪೂರ್ತಿ ಹೆಸರು ‘ಪೂ ದ್ಯು ಸಿಯೆಲ್’, ಅಂದರೆ ಆಕಾಶದ ಹೇನು. ಆಗ ಫ್ರೆಂಚರು ಫೋರ್ಡ್ ಮಾಡೆಲ್ ಟಿ ಕಾರನ್ನು ‘ರಸ್ತೆಯ ಹೇನು’ ಎಂದು ಹಂಗಿಸುತ್ತಿದ್ದರು: ಬಣ್ಣ ಕಪ್ಪು, ಎಲ್ಲಿ ನೋಡಿದರೂ ಅದೇ. ತನ್ನ ವಿಮಾನವೂ ಹಾಗೆಯೇ ಆಕಾಶದ ತುಂಬ ಹರಿದಾಡಲಿ ಎಂದು ಮಿನ್ಯೆಯ ಆಸೆ. ಇಂಗ್ಲೆಂಡಿಗೆ ಹೋಗುವಷ್ಟರಲ್ಲಿ ಹೇನು ಚಿಗಟವಾಯಿತು. ಅಲ್ಲಿನವರು ‘ಫ್ಲೈಯಿಂಗ್ ಫ್ಲೀ’ ಎಂದರು. ನನಗೇನೋ ಹೇನೇ ಸರಿ ಅನ್ನಿಸುತ್ತದೆ. ಚಿಗಟ ನೆಗೆಯಲಾದರೂ ನೆಗೆಯುತ್ತದೆ, ಹೇನಿಗೆ ಅದೂ ಬಾರದು. ಮಾಮೂಲಿ ವಿಮಾನ ಹಾರಿಸಲು ಬಾರದೆ ಹೋದವನೇ ಕಟ್ಟಿದ ವಿಮಾನ ಇದು.

ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನ ಹಗುರ ವಿಮಾನಗಳದ್ದು ಒಂದು ದೊಡ್ಡ ಹುಳುಗಳ ಸಂತೆ. ಕೋದ್ರೋನ್ ಕಂಪನಿಯ ‘ಲ್ಯುಸಿಯೋಲ್’ ಎಂದರೆ ಮಿಂಚುಹುಳು, ‘ಫಲೇನ್’ ಎಂದರೆ ಪತಂಗ. ಪೋತೇಜ್ 60ಕ್ಕೆ ಮಿಡತೆಯ ಹೆಸರು, ಸಾಲ್ಮ್‌ಸನ್ ಕಂಪನಿಯ ‘ಕ್ರಿ-ಕ್ರಿ’ಗೆ ಜೀರುಂಡೆಯದು. 1936ರಲ್ಲಿ ಸರ್ಕಾರವೇ ಬಡ ಹುಡುಗರಿಗೂ ಹಾರಾಟ ಕಲಿಸಲು ಹೊರಟಾಗ ಇಂಥವಕ್ಕೆ ಬೇಡಿಕೆ ಕುದುರಿತು. ಲೂಯಿ ಪೆಯ್ರೆ ಎಂಬಾತನ ‘ತೋಪ್ಯಾಂ’ ಕೂಡ ಒಂದು ಹುಳುವೇ, ಹಿಂದೊಂದು ಮುಂದೊಂದು ರೆಕ್ಕೆಯದು. ಅದೇ ಬಗೆಯ ಅವನ ಗ್ಲೈಡರ್ 1922ರಲ್ಲಿ ಇಂಗ್ಲೆಂಡಿನ ಇಟ್‌ಫರ್ಡ್ ಗುಡ್ಡದ ಗಾಳಿಯಲ್ಲಿ ಮೂರು ಗಂಟೆ ಇಪ್ಪತ್ತೊಂದು ನಿಮಿಷ ನಿಂತು ಬಹುಮಾನ ಗೆದ್ದಿತ್ತು. ಇವೆಲ್ಲ ಪಳಗಿದವರ ಕೈಕೆಲಸ. ಹೇನಿನ ಕಥೆಯೇ ಬೇರೆ.

ಮಿನ್ಯೆ ಹುಟ್ಟಿದ್ದು 1893ರಲ್ಲಿ, ಪಶ್ಚಿಮ ಫ್ರಾನ್ಸಿನಲ್ಲಿ. ಬಲ್ಲ ಕಸುಬು ರೇಡಿಯೊದ್ದು. ಹುಚ್ಚು ಮಾತ್ರ ರೆಕ್ಕೆಯದು. ಒಂದರ ಹಿಂದೊಂದು ವಿಮಾನ ಕಟ್ಟಿ, ತನ್ನ ಹೆಸರಿನ ಮೊದಲಕ್ಷರಗಳ ಜೊತೆ ನಂಬರು ಹಾಕುತ್ತ ಹೋದ. ಎಂಟನೆಯದು ಚೆನ್ನಾಗಿಯೇ ಹಾರಿತು, ಅದರ ನಕ್ಷೆ ನೋಡಿ ಕಟ್ಟಿಕೊಂಡವರೂ ಬಹಳ. ಆದರೆ ಮಾಮೂಲಿ ವಿಮಾನ ಅವನಿಗೆ ಒಗ್ಗಲಿಲ್ಲ. ಅದರಲ್ಲಿ ಕೈಗೊಂದು ಕೆಲಸ, ಕಾಲಿಗೊಂದು ಕೆಲಸ. ಕೋಲನ್ನು ಪಕ್ಕಕ್ಕೆ ವಾಲಿಸಿದರೆ ರೆಕ್ಕೆಯಂಚಿನ ಏಲರಾನ್‌ಗಳು ಆಡಿ ವಿಮಾನ ವಾಲುತ್ತದೆ, ಪೆಡಲ್ ತುಳಿದರೆ ಬಾಲದ ರಡ್ಡರ್ ಆಡಿ ಮೂತಿ ತಿರುಗುತ್ತದೆ. ಎರಡೂ ಹದವಾಗಿ ಕೂಡಿದರೆ ಮಾತ್ರ ಒಳ್ಳೆಯ ತಿರುವು. ಹಾರ್ಮೋನಿಯಂ ಕಲಿಯಲು ಕೂತು, ಒಂದು ಕೈಯಲ್ಲಿ ತಿದಿ ಒತ್ತುತ್ತ ಇನ್ನೊಂದರಲ್ಲಿ ಮನೆ ಹಿಡಿಯಲಾಗದೆ ಎದ್ದುಬಂದವರಿಗೆ ಮಿನ್ಯೆಯ ಕಷ್ಟ ಅರ್ಥವಾದೀತು.

ಎದ್ದುಬಂದವರು ನಾವು ಸುಮ್ಮನಾಗುತ್ತೇವೆ. ಮಿನ್ಯೆ ಹಾರ್ಮೋನಿಯಮ್ಮನ್ನೇ ಬದಲಿಸಿದ. ಏಲರಾನ್ ಕಿತ್ತ, ಪೆಡಲ್ ಕಿತ್ತ. ಹದಿನಾಲ್ಕನೆಯ ವಿಮಾನದಲ್ಲಿ ಉಳಿದದ್ದು ಕೈಯಲ್ಲೊಂದು ಕೋಲು ಅಷ್ಟೇ. ಹಿಂದಕ್ಕೆಳೆದರೆ ತಲೆಯ ಮೇಲಿನ ಮುಂದಿನ ರೆಕ್ಕೆ ಇಡಿಯಾಗಿ ಓರೆಗೊಂಡು ವಿಮಾನವನ್ನು ಮೇಲಕ್ಕೆ ಒಯ್ಯುತ್ತದೆ. ಪಕ್ಕಕ್ಕೆ ತಳ್ಳಿದರೆ ರಡ್ಡರ್ ತಿರುಗುತ್ತದೆ. ರೆಕ್ಕೆಯ ತುದಿಗಳು ಮೇಲೆ ಬಾಗಿರುವುದರಿಂದ ವಿಮಾನ ತಾನಾಗಿಯೇ ವಾಲಿಕೊಳ್ಳುತ್ತದೆ. ಬೆನ್ನ ಹಿಂದೆಯೇ ಎರಡನೆಯ ರೆಕ್ಕೆ. ಉದ್ದ ಸುಮಾರು ಮೂರೂವರೆ ಮೀಟರ್: ಹಳೆಯ ಮಾರುತಿ 800 ಕಾರಿಗಿಂತ ಹೆಚ್ಚೆಂದರೆ ಒಂದು ಗೇಣು ಜಾಸ್ತಿ. ತೂಕ ನೂರು ಕಿಲೋ ಆಸುಪಾಸು, ಎಂಜಿನ್ನು 17 ಅಶ್ವಶಕ್ತಿಯದು. ಪ್ಲೈವುಡ್ಡಿನ ಪೆಟ್ಟಿಗೆಯಂಥ ಒಡಲು, ಮರದ ರೆಕ್ಕೆಗೆ ಬಟ್ಟೆಯ ಹೊದಿಕೆ, ಜೋಡಿಸಲು ಹಾಲಿನಿಂದ ತೆಗೆದ ಕೇಸಿನ್ ಅಂಟು. 1933ರ ಸೆಪ್ಟೆಂಬರ್ 10ರಂದು ಸುವಾಸೋಂ ಊರಿನ ಹತ್ತಿರ ಹೇನು ನೆಲ ಬಿಟ್ಟಿತು.

ಮರುವರ್ಷ ಮಿನ್ಯೆ ಪುಸ್ತಕ ಬರೆದ. ಪೆಟ್ಟಿಗೆಗೆ ಮೊಳೆ ಹೊಡೆಯಲು ಬಂದರೆ ಸಾಕು, ವಿಮಾನ ಕಟ್ಟಲು ಬಂದಂತೆಯೇ ಎಂಬ ಧಾಟಿ ಅದರದು. ಫ್ರಾನ್ಸ್, ಇಂಗ್ಲೆಂಡುಗಳ ಶೆಡ್ಡುಗಳಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. 1935ರ ಆಗಸ್ಟ್ 13ರಂದು ಮಿನ್ಯೆ ತಾನೇ ಇಂಗ್ಲಿಷ್ ಕಾಲುವೆ ದಾಟಿ ಬಂದಿಳಿದಾಗ ಇಂಗ್ಲೆಂಡಿನಲ್ಲಿ ಆ ಹುಚ್ಚು ನೆತ್ತಿಗೇರಿತ್ತು.

ಆಮೇಲೆ ಒಬ್ಬೊಬ್ಬರೇ ಬಿದ್ದು ಸಾಯತೊಡಗಿದರು. 1936ರಲ್ಲಿ ಇಡೀ ವಿಮಾನವನ್ನೇ ಗಾಳಿಸುರಂಗಕ್ಕೆ ಹಾಕಿ ನೋಡಿದರು, ಫ್ರಾನ್ಸಿನ ಶಾಲೆ-ಮ್ಯುದೋಂನಲ್ಲಿ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ. ಗುಟ್ಟು ಎರಡು ರೆಕ್ಕೆಗಳ ನಡುವಿನ ಸಂದಿನಲ್ಲಿತ್ತು. ಮೂತಿ ತೀರಾ ಕೆಳಗಾದಾಗ ಪೈಲಟ್ ಸಹಜವಾಗಿಯೇ ಕೋಲನ್ನು ತನ್ನತ್ತ ಎಳೆಯುತ್ತಾನೆ. ಮುಂದಿನ ರೆಕ್ಕೆಯ ಹಿಂಬದಿ ಇಳಿದು ಸಂದು ಕಿರಿದಾಗುತ್ತದೆ, ಅಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನು ಎತ್ತುತ್ತದೆ, ಮೂತಿ ಇನ್ನಷ್ಟು ಕೆಳಗಾಗುತ್ತದೆ. ಉಳಿಯಲೆಂದು ಎಳೆದಷ್ಟೂ ನೆಲ ಹತ್ತಿರ. ನನ್ನ ಒಲವೇನಿದ್ದರೂ ಮಿನ್ಯೆಯ ಕಡೆಗೇ. ಆದರೂ ಒಪ್ಪಬೇಕಾದದ್ದು ಇದು: ಗಾಳಿಸುರಂಗ ನೋಡುವ ಮೊದಲೇ ಆ ನಕ್ಷೆ ಊರೂರಿನ ಶೆಡ್ಡು ಸೇರಿತ್ತು. ಮನೆಯಲ್ಲಿ ವಿಮಾನ ಕಟ್ಟಿದ್ದು ತಪ್ಪಲ್ಲ, ಅವಸರ ತಪ್ಪು.

ಇಂಗ್ಲೆಂಡಿನಲ್ಲಿ ಹೇನು ಹಾರಿಸಲು ಹೊಸ ಪರವಾನಗಿ ಕೊಡುವುದು ನಿಂತಿತು. ಫ್ರಾನ್ಸಿನಲ್ಲಿ ದೋಷ ತಿದ್ದಿಕೊಂಡು ಹಾರಿಸಿದರು. ಮಿನ್ಯೆ ಅಮೆರಿಕ, ಅರ್ಜೆಂಟೀನಾ, ಜಪಾನ್, ಮೊರಾಕೊ ಎಂದು ದೇಶ ಸುತ್ತುತ್ತ ನಂಬರು ಹಾಕುತ್ತಲೇ ಇದ್ದ, 1965ರಲ್ಲಿ ತೀರಿಕೊಳ್ಳುವವರೆಗೂ. ತಿದ್ದಿದ ನಕ್ಷೆಯ ಹೇನುಗಳನ್ನು ಕಟ್ಟಿ ಹಾರಿಸುವವರು ಫ್ರಾನ್ಸಿನಲ್ಲಿ ಈಗಲೂ ಇದ್ದಾರೆ. 1935ರ ಹೇನುಗಳು ಮಾತ್ರ ವಸ್ತುಸಂಗ್ರಹಾಲಯಗಳಲ್ಲಿವೆ. ಹಾಲಿನ ಅಂಟಿನಿಂದ ಯಾರೋ ರಾತ್ರಿಗಳನ್ನು ಸವೆಸಿ ಕೂಡಿಸಿದ ಆ ರೆಕ್ಕೆಗಳಲ್ಲಿ ಒಮ್ಮೆಯೂ ಹಾರದವೂ ಇವೆ. ಈಗ ಅವು ಛಾವಣಿಗೆ ತಂತಿ ಕಟ್ಟಿ ತೂಗಿಬಿಟ್ಟಲ್ಲಿ, ನೆಲದಿಂದ ಹತ್ತಡಿ ಮೇಲಿವೆ.