ಗುಂಗುರು ಕೂದಲಿನ ಲೆಕ್ಕ

ನನ್ನ ಕೂದಲಿಗೆ ಈಗ ಎರಡು ಭಾಗ. ನೆತ್ತಿಯಿಂದ ಗಲ್ಲದವರೆಗೆ ಗುಂಗುರು, ಅಲ್ಲಿಂದ ಕೆಳಗೆ ಕಡ್ಡಿಯಂತೆ ನೇರ. ಗುಂಗುರು ಭಾಗವನ್ನು ಎಳೆದು ಹಿಡಿದು ಸ್ಕೇಲಿನಿಂದ ಅಳೆದರೆ ಸುಮಾರು 16 ಸೆಂಟಿಮೀಟರ್. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ನಾನು ಪಾರ್ಲರಿನಲ್ಲಿ ಸ್ಮೂದನಿಂಗ್ ಮಾಡಿಸಿಕೊಂಡು 16 ತಿಂಗಳಾಯಿತು. ಎರಡು ಹಬ್ಬದ ಈದಿ ಮತ್ತು ಮಾಮೂ ಕೊಟ್ಟ ಹಣ ಸೇರಿ 4,000 ರೂಪಾಯಿ ಖರ್ಚು.

ಯಾಕೆ ಮಾಡಿಸಿದೆ? ಶಾಲೆಯಲ್ಲಿ ನನ್ನ ಹೆಸರು ‘ನೂಡಲ್ಸ್’. ಮನೆಯಲ್ಲಿ ಅಮ್ಮಿ ಬಾಚಣಿಗೆ ಹಿಡಿದರೆ ಸಾಕು, “ಕೈಸೇ ಬಾಲಾಂ ಯೇ!” ಎಂದು ಶುರು. ಇದೆಂಥ ಕೂದಲು ಎಂಬ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಉರ್ದು ಗಜಲ್‌ಗಳಲ್ಲಿ ಜುಲ್ಫಿನ ಸುರುಳಿಯನ್ನು ಎಷ್ಟು ಹೊಗಳುತ್ತಾರೆ! ಅದೇ ಗಜಲ್ ಕೇಳುತ್ತಾ ನಮ್ಮ ನಾನಿ ನನ್ನ ತಲೆಗೆ ಎಣ್ಣೆ ಬಳಿದು ಜಡೆ ಬಿಗಿಯುತ್ತಿದ್ದರು. ಸ್ಕಾರ್ಫ್ ಒಳಗಿನ ಕೂದಲನ್ನು ಯಾರು ನೋಡುತ್ತಾರೆ ಎಂದು ಕೆಲವರು ಕೇಳಿದ್ದುಂಟು. ನಾನು ನೋಡುತ್ತೇನಲ್ಲ!

ನಾನು ಕಾಮರ್ಸ್ ವಿದ್ಯಾರ್ಥಿನಿ. ಮುಂದಿನದನ್ನು ನಮ್ಮ ಕೆಮಿಸ್ಟ್ರಿ ಮೇಡಂ ಹತ್ತಿರ ಕೇಳಿ ತಿಳಿದುಕೊಂಡೆ. ಕೂದಲು ಹುಟ್ಟುವ ಗುಳಿ ಚರ್ಮದೊಳಗೆ ನೇರವಾಗಿದ್ದರೆ ಕೂದಲೂ ನೇರ, ಗುಳಿ ಬಾಗಿದ್ದರೆ ಕೂದಲು ಸುರುಳಿ. ಅದು ಹುಟ್ಟಿನಿಂದ ಬರುವುದು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದರೊಳಗೆ ಎರಡು ಬಗೆಯ ಬಂಧಗಳು ಮುಖ್ಯ. ಹೈಡ್ರೋಜನ್ ಬಂಧ ದುರ್ಬಲ, ನೀರು ತಗುಲಿದರೆ ಬಿಚ್ಚಿಕೊಳ್ಳುತ್ತದೆ. ಇಸ್ತ್ರಿ ಮಾಡಿದಂತೆ ನೇರ ಮಾಡಿಸಿದ ಕೂದಲು ಮೊದಲ ಮಳೆಗೇ ಮತ್ತೆ ಸುರುಳಿಯಾಗುವುದು ಇದರಿಂದ. ಸಲ್ಫರ್ ಬಂಧ ಗಟ್ಟಿ. ಸ್ಮೂದನಿಂಗ್ ಕ್ರೀಮ್ ಅದನ್ನೇ ಮುರಿಯುತ್ತದೆ. ಆಮೇಲೆ ಬಿಸಿ ಪಟ್ಟಿಯಿಂದ ಕೂದಲನ್ನು ಚಪ್ಪಟೆ ಮಾಡಿ, ಇನ್ನೊಂದು ದ್ರಾವಣ ಹಚ್ಚಿ ಬಂಧಗಳನ್ನು ಹೊಸ ಆಕಾರದಲ್ಲಿ ಕೂಡಿಸುತ್ತಾರೆ. ಎಲ್ಲ ಬಂಧಗಳೂ ಮತ್ತೆ ಕೂಡುವುದಿಲ್ಲ. ನನ್ನ ತುದಿಗಳು ಮೂರನೇ ತಿಂಗಳಿಗೇ ತುಂಡಾಗತೊಡಗಿದವು. ಗುಳಿಯ ಆಕಾರ ಮಾತ್ರ ಹಾಗೇ ಇತ್ತು, ಹೊಸದಾಗಿ ಬಂದ ಕೂದಲು ಗುಂಗುರಾಗಿಯೇ ಬಂತು. ನೇರವಾಗಿಯೇ ಇಡಬೇಕೆಂದರೆ ಮತ್ತೆ ಮತ್ತೆ 4,000. ಅಕೌಂಟ್ಸ್ ಭಾಷೆಯಲ್ಲಿ ಹೇಳುವುದಾದರೆ ನಾನು ಆಸ್ತಿ ಎಂದು ಬರೆದುಕೊಂಡದ್ದು ಬರೀ ಖರ್ಚಾಗಿತ್ತು, ಅದರ ಮೇಲೆ ಸವಕಳಿ ಬೇರೆ. ಇನ್ನೊಂದು ಎಚ್ಚರಿಕೆ: ‘ಕೆರಾಟಿನ್ ಟ್ರೀಟ್‌ಮೆಂಟ್’ ಎಂದು ಮಾಡುವ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಬಾಟಲಿಯ ಲೇಬಲ್ ಓದಲು ನಾಚಿಕೆ ಬೇಡ.

ಈಗ ನಿಮ್ಮ ಕೂದಲಿನ ಬಗೆ ಕಂಡುಹಿಡಿಯುವುದು ಹೇಗೆ ನೋಡೋಣ. ಓಪ್ರಾ ವಿನ್‌ಫ್ರಿ ಅವರ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಒಂದು ವಿಂಗಡಣೆ ಮಾಡಿದರು. 1 ನೇರ, 2 ಅಲೆ, 3 ಸುರುಳಿ, 4 ಬಿಗಿ ಸುರುಳಿ. ಒಂದೊಂದರಲ್ಲಿ ಎ, ಬಿ, ಸಿ ಎಂಬ ಉಪವಿಭಾಗಗಳೂ ಇವೆ. ಶಾಂಪೂ ಹಾಕಿ ತೊಳೆಯಿರಿ, ಎಣ್ಣೆ ಹಚ್ಚಬೇಡಿ, ಬಾಚಬೇಡಿ, ತಾನಾಗಿ ಒಣಗಲು ಬಿಡಿ. ಒಣಗುವಾಗ ಮುಟ್ಟಬೇಡಿ, ಇದೇ ಕಷ್ಟದ ಭಾಗ! ಆಮೇಲೆ ಒಂದು ಸುರುಳಿಯನ್ನು ನೋಡಿ. ಇಂಗ್ಲಿಷಿನ ಎಸ್ ಅಕ್ಷರದಂತೆ ಅಲೆಯಾಗಿದ್ದರೆ 2. ದಪ್ಪ ಮೇಣದಬತ್ತಿಗೆ ಸುತ್ತುವಷ್ಟು ಅಗಲದ ಸುರುಳಿ 3ಎ, ಬೋರ್ಡ್ ಮಾರ್ಕರಿನಷ್ಟಾದರೆ 3ಬಿ, ಪೆನ್ಸಿಲಿನಷ್ಟಾದರೆ 3ಸಿ. ಅದಕ್ಕಿಂತ ಬಿಗಿಯಾಗಿದ್ದರೆ 4. ಒಂದೇ ಜಾಗ ನೋಡಿ ತೀರ್ಮಾನಿಸಬೇಡಿ. ನನ್ನದು ಹಣೆಯ ಬಳಿ 2ಸಿ, ಕತ್ತಿನ ಹಿಂದೆ 3ಬಿ. ನೀರಿನ ಲೋಟದಲ್ಲಿ ಕೂದಲು ಮುಳುಗುತ್ತದೋ ತೇಲುತ್ತದೋ ಎಂಬ ಪರೀಕ್ಷೆಯನ್ನೂ ಮಾಡಿದೆ. ಎಣ್ಣೆಯ ಪಸೆ ಇದ್ದರೂ ತೇಲುತ್ತದೆ, ಹಾಗಾಗಿ ಅದನ್ನು ನಾನು ನಂಬುವುದಿಲ್ಲ.

ಹಾಸ್ಟೆಲಿನ ನನ್ನ ಗೆಳತಿ ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ಅವಳ ಮುಂದೆ ನನ್ನ ಕಷ್ಟ ಹೇಳಿಕೊಂಡಾಗ ಬಿದ್ದು ಬಿದ್ದು ನಕ್ಕಳು. “ನಿಂದು ಗುಂಗುರು ಅಂತೀಯಾ? ನಾನು ಎಷ್ಟು ಬಾಚಣಿಗೆ ಮುರಿದೀನಿ ಕೇಳು!” ಅವಳದು 4. ಎಳೆದರೆ ಭುಜ ಮುಟ್ಟುತ್ತದೆ, ಬಿಟ್ಟರೆ ಕಿವಿಯ ಹತ್ತಿರ ನಿಲ್ಲುತ್ತದೆ. ನಿನ್ನ ಕೂದಲು ಯಾಕೆ ಬೆಳೆಯುವುದಿಲ್ಲ ಎಂದು ಕೇಳುವವರಿಗೆ ಈಗ ಎಳೆದೇ ತೋರಿಸುತ್ತಾಳೆ. ರಜೆಗೆ ಊರಿಗೆ ಹೋದರೆ ಅವಳ ಅಕ್ಕ ಸಣ್ಣ ಸಣ್ಣ ಜಡೆ ಹೆಣೆದು ಕಳಿಸುತ್ತಾಳೆ. ವಾರಗಟ್ಟಲೆ ಬಾಚುವ ಕೆಲಸವಿಲ್ಲ.

ಒಣಗಿದ ಗುಂಗುರನ್ನು ಬಾಚಬಾರದು ಎಂದು ಮೊದಲು ಹೇಳಿಕೊಟ್ಟವಳೂ ಅವಳೇ. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ಸುಲಭವಾಗಿ ಕೆಳಗಿಳಿಯುತ್ತದೆ, ಸುರುಳಿಯಲ್ಲಿ ಇಳಿಯುವುದಿಲ್ಲ. ಆದ್ದರಿಂದ ತುದಿ ಒಣಗುತ್ತದೆ, ಬಾಚಿದರೆ ಮುರಿಯುತ್ತದೆ. ತೊಳೆಯುವಾಗ ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಬನ್ನಿ. ಟವೆಲಿನಿಂದ ತಿಕ್ಕುವ ಬದಲು ಹಳೆಯ ಟಿ-ಶರ್ಟಿನಲ್ಲಿ ಒತ್ತಿ. ಬೋರ್‌ವೆಲ್ ನೀರಿನ ಉಪ್ಪಿನಂಶದಿಂದ ಕೂದಲು ಒರಟಾಗುತ್ತದೆ, ಕೊನೆಯ ಒಂದು ತಂಬಿಗೆ ಫಿಲ್ಟರ್ ನೀರು ಹಾಕಿ ನೋಡಿ. ಸ್ಕಾರ್ಫ್ ಕಟ್ಟುವವರು ಕೂದಲು ಒದ್ದೆ ಇರುವಾಗ ಕಟ್ಟಬೇಡಿ, ಒಳಗೆ ಸ್ಯಾಟಿನ್ ಟೋಪಿ ಹಾಕಿದರೆ ಹತ್ತಿಬಟ್ಟೆಯ ಉಜ್ಜಾಟ ತಪ್ಪುತ್ತದೆ.

ಜೆಲ್ ಕೊಳ್ಳುವುದೇ ಬೇಡ. ಚಟ್ನಿಪುಡಿಗೆ ತಂದಿಟ್ಟ ಅಗಸೆ ಬೀಜ ಎರಡು ಚಮಚ, ನೀರು ಎರಡು ಲೋಟ. ಕುದಿಸುತ್ತಾ ಮೊಟ್ಟೆಯ ಬಿಳಿಯಂತೆ ಲೋಳೆಯಾದ ಕೂಡಲೇ ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸಿ. ತಣ್ಣಗಾದರೆ ಸೋಸಲು ಬರುವುದಿಲ್ಲ, ನಾನು ಒಂದು ಪಾತ್ರೆ ಹಾಳು ಮಾಡಿ ಕಲಿತದ್ದು. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಒದ್ದೆ ಕೂದಲಿಗೆ ಹಚ್ಚಿ ಕೈಯಲ್ಲಿ ಹಿಂಡುತ್ತಾ ಮೇಲಕ್ಕೆತ್ತಿ ಬಿಡಿ.

ಮೊದಲ ಸಲ ಮಾಡಿದಾಗ ಬೀಜ ಖಾಲಿಯಾಯಿತೆಂದು ಅಮ್ಮಿ ಬೈದರು. ಮುಂದಿನ ಭಾನುವಾರ ಅವರನ್ನೇ ಕೂರಿಸಿ, ಎಣ್ಣೆ ತೊಳೆಸಿ, ಬಾಚದೆ ಒಣಗಿಸಿದೆ. ಇಷ್ಟು ವರ್ಷ ತುರುಬಿನಲ್ಲಿ ಬಿಗಿದಿಟ್ಟ ಕೂದಲು 2ಸಿ! ಅಮ್ಮಿ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, “ಮದುವೆಗೆ ಮುಂಚೆ ಹೀಗೇ ಇತ್ತು” ಎಂದರು. ಆಮೇಲೆ ಮತ್ತೆ ತುರುಬು ಕಟ್ಟಿದರು. ಜೆಲ್ ಮಾತ್ರ ಆವತ್ತಿನಿಂದ ಬೇಗ ಖಾಲಿಯಾಗುತ್ತಿದೆ.

ನನ್ನ ನೇರ ತುದಿಗಳನ್ನು ಪರೀಕ್ಷೆ ಮುಗಿದ ಮೇಲೆ ಖಾಲಾ ಕತ್ತರಿಸಿಕೊಡುತ್ತಾರೆ. ನೀವೂ ಕತ್ತರಿಸುವುದಾದರೆ ಒಣಗಿದ ಕೂದಲನ್ನೇ ಕತ್ತರಿಸಲು ಹೇಳಿ. ಒದ್ದೆಯಲ್ಲಿ ಕತ್ತರಿಸಿದ ಗುಂಗುರು ಒಣಗಿದ ಮೇಲೆ ಅಂದುಕೊಂಡದ್ದಕ್ಕಿಂತ ಎರಡು ಬೆರಳು ಮೇಲೇರಿ ಕೂರುತ್ತದೆ.