ಚೌಕವೇ ಚಿತ್ರಮಂದಿರ

ಇಟಲಿಯ ಬೊಲೊನ್ಯಾ ನಗರದ ನಟ್ಟನಡುವೆ ಪಿಯಾಜ್ಜಾ ಮಜೋರೆ ಎಂಬ ಚೌಕವಿದೆ. ಅದರ ಒಂದು ಬದಿಗೆ ಸಾನ್ ಪೆತ್ರೋನಿಯೊ ಚರ್ಚು. ಅದರ ಮುಂಗೋಡೆಯ ಕೆಳಗಿನ ಅರ್ಧಕ್ಕೆ ಅಮೃತಶಿಲೆ ಹೊದಿಸಿದ್ದಾರೆ. ಮೇಲಿನರ್ಧ ಶತಮಾನಗಳಿಂದ ಬರೀ ಇಟ್ಟಿಗೆಯಾಗಿಯೇ ನಿಂತಿದೆ. ಬೇಸಿಗೆ ಬಂತೆಂದರೆ ಈ ಚೌಕದಲ್ಲಿ ದೊಡ್ಡ ಪರದೆ ಏಳುತ್ತದೆ, ಸಾಲುಸಾಲಾಗಿ ಕುರ್ಚಿಗಳು ಬರುತ್ತವೆ. ಟಿಕೆಟ್ ಇಲ್ಲ. ಕುರ್ಚಿ ಸಿಗದವರು ಚರ್ಚಿನ ಮೆಟ್ಟಿಲ ಮೇಲೆ, ಅಲ್ಲೂ ಜಾಗವಿಲ್ಲದಿದ್ದರೆ ನೆಲದ ಮೇಲೆ ಕೂರುತ್ತಾರೆ. ಜೂನ್ ಕೊನೆಯಲ್ಲಿ ಅಲ್ಲಿ ಕತ್ತಲಾಗಲು ರಾತ್ರಿ ಒಂಬತ್ತು ದಾಟಬೇಕು. ಆಮೇಲೆಯೇ ಆಟ.

ಇದನ್ನು ನಡೆಸುವುದು ಆ ಊರಿನ ಸಿನಿಮಾ ಭಂಡಾರ, ಚಿನೆತೆಕಾ ದಿ ಬೊಲೊನ್ಯಾ. ಹಳೆಯ ಚಿತ್ರಗಳಿಗೆಂದೇ ಅದು 1986ರಲ್ಲಿ ಶುರುಮಾಡಿದ 'ಇಲ್ ಚಿನೆಮಾ ರಿತ್ರೊವಾತೊ' ಉತ್ಸವಕ್ಕೆ ಈಗ ಪ್ರಪಂಚದ ಮೂಲೆಮೂಲೆಯಿಂದ ವಿದ್ವಾಂಸರು ಬರುತ್ತಾರೆ. ಹಗಲೆಲ್ಲ ಸಭಾಂಗಣಗಳಲ್ಲಿ ಚರ್ಚೆ ಮಾಡುವ ಅವರು ರಾತ್ರಿ ಚೌಕಕ್ಕೆ ಬಂದರೆ, ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಬಂದು ಕೂತ ಮನೆಮಂದಿ ಇರಬಹುದು. ನನ್ನ ಮಟ್ಟಿಗೆ ಉತ್ಸವದ ಜೀವ ಇರುವುದು ಆ ಚೌಕದಲ್ಲೇ.

ಚಾರ್ಲಿ ಚಾಪ್ಲಿನ್‌ನ ಚಿತ್ರಗಳು ಮರುಹುಟ್ಟು ಪಡೆದದ್ದೂ ಈ ಊರಿನಲ್ಲಿ. ಅವನ ಚಿತ್ರಗಳನ್ನು ಉಳಿಸುವ ಯೋಜನೆಯನ್ನು ಚಿನೆತೆಕಾ ಕೈಗೆತ್ತಿಕೊಂಡದ್ದು 1999ರಲ್ಲಿ. ಬೇರೆಬೇರೆ ದೇಶಗಳಲ್ಲಿ ಉಳಿದಿರುವ ಪ್ರಿಂಟುಗಳನ್ನು ತರಿಸಿ, ಹೋಲಿಸಿ, ಹರಿದ ಕಡೆ ಕೈಯಿಂದಲೇ ಅಂಟಿಸಿ, ಗೀರುಗಳನ್ನು ಒಂದೊಂದೇ ಫ್ರೇಮಿನಲ್ಲಿ ಅಳಿಸುವ ಕೆಲಸ ಅದು. ಸಂಗೀತದ್ದು ಇನ್ನೊಂದು ಸಾಹಸ. 1936ರ 'ಮಾಡರ್ನ್ ಟೈಮ್ಸ್'ಗೆ ಚಾಪ್ಲಿನ್ನೇ ಸಂಗೀತ ಕಟ್ಟಿದ್ದ. ಅಮೆರಿಕದ ಸಂಗೀತಗಾರ ತಿಮೊಥಿ ಬ್ರಾಕ್ ಅದರ ಹಳೆಯ ಹಸ್ತಪ್ರತಿಗಳನ್ನು ಬಿಡಿಸಿ, ವಾದ್ಯವೃಂದ ಎದುರಿಗೇ ಕೂತು ನುಡಿಸುವಂತೆ ಅಣಿಗೊಳಿಸಿದರು. ಈ ಚೌಕದಲ್ಲಿ ತಾವೇ ನಿಂತು ನಡೆಸಿಕೊಟ್ಟರು.

ಆ ಚಿತ್ರದ ಕೊನೆಗೆ ಹೋಟೆಲಿನ ದೃಶ್ಯವೊಂದಿದೆ. ಹಾಡಿನ ಸಾಲು ನೆನಪಿರಲೆಂದು ಅಂಗಿಯ ತೋಳಪಟ್ಟಿಯ ಮೇಲೆ ಬರೆದುಕೊಂಡ ಚಾರ್ಲಿ ಕುಣಿಯುತ್ತಾ ಬರುತ್ತಾನೆ. ಕೈ ಬೀಸಿದ ರಭಸಕ್ಕೆ ಪಟ್ಟಿಯೇ ಹಾರಿಹೋಗುತ್ತದೆ. ಬೇರೆ ದಾರಿ ಕಾಣದೆ, ಇಟಾಲಿಯನ್ನೋ ಫ್ರೆಂಚೋ ಎಂದು ಕಿವಿಗೆ ಭ್ರಮೆ ಹುಟ್ಟಿಸುವ ಅರ್ಥವಿಲ್ಲದ ಶಬ್ದಗಳಲ್ಲಿ ಹಾಡಿಬಿಡುತ್ತಾನೆ. ಅಷ್ಟು ವರ್ಷ ಮೂಕನಾಗಿದ್ದ ಆ ಅಲೆಮಾರಿಯ ದನಿ ಜಗತ್ತು ಕೇಳಿದ್ದು ಅಲ್ಲೇ ಮೊದಲು. ಹಾಡಿನ ಕಥೆಯನ್ನೆಲ್ಲ ಕೈ, ಕಣ್ಣು, ಮೀಸೆಯೇ ಹೇಳುತ್ತವೆ. ಕಾರ್ಖಾನೆಯ ಯಂತ್ರದ ಹಲ್ಲುಗಳಿಗೆ ಸಿಕ್ಕಿಬಿದ್ದ ಕೂಲಿಯವನ ಈ ಕಥೆ ಕೂಲಿಯವನಿಗೂ ಪುಕ್ಕಟೆ ಸಿಗಬೇಕಾದದ್ದು ನ್ಯಾಯವೇ.

ಹೀಗೆ ಉಳಿದ ಚಿತ್ರಗಳೇ ಕಡಿಮೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ 35 ಎಂಎಂ ರೂಪದಲ್ಲಿ ಪೂರ್ತಿ ಉಳಿದದ್ದು ಶೇ 14 ಮಾತ್ರ. ಆಗಿನ ನೈಟ್ರೇಟ್ ರೀಲು ಬೇಗ ಬೆಂಕಿ ಹತ್ತುವಂಥದ್ದು. ಅದಕ್ಕಿಂತ ದೊಡ್ಡ ಶತ್ರು ಅಸಡ್ಡೆ: ಓಡಿದ್ದಾಯಿತು, ಇನ್ನು ಇದನ್ನಿಟ್ಟುಕೊಂಡು ಏನು ಮಾಡುವುದು ಎಂಬ ಭಾವ. ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934ರ 'ಸತಿ ಸುಲೋಚನಾ' ಇವತ್ತು ನೋಡಲು ಸಿಗುವುದಿಲ್ಲ. ಈ ಸಂಕಟ ನಮಗೆ ಹೊಸದಲ್ಲ.

2025ರ ಜೂನ್ 27ರಂದು ಅದೇ ಚೌಕದ ಪರದೆಯ ಮೇಲೆ ರಾಮನಗರದ ಬಂಡೆಗಳು ಮೂಡಿದವು. ಪುನರುಜ್ಜೀವನಗೊಂಡ ಹಿಂದಿ ಚಿತ್ರ 'ಶೋಲೆ'ಯ ಮೊದಲ ಪ್ರದರ್ಶನ ಅದು. ಸೆನ್ಸಾರ್ ಒಪ್ಪದೆ 1975ರಲ್ಲಿ ಬದಲಾಗಿದ್ದ ಅಂತ್ಯವೂ ಅದರಲ್ಲಿ ಮರಳಿ ಸೇರಿತ್ತು: ಕೈಯಿಲ್ಲದ ಠಾಕೂರ್ ಕೈಯಲ್ಲೇ, ಅಲ್ಲ, ಕಾಲಲ್ಲೇ ಡಕಾಯಿತ ಗಬ್ಬರ್ ಸಾಯುತ್ತಾನೆ. ಹಾಲಿವುಡ್‌ನ ವೆಸ್ಟರ್ನ್‌ಗಳ ಜಾಡು ಹಿಡಿದು ನಮ್ಮ ನೆಲದಲ್ಲಿ ತಯಾರಾದ ಚಿತ್ರ, ಆ ವೆಸ್ಟರ್ನ್‌ಗಳನ್ನು ತನ್ನವಾಗಿಸಿಕೊಂಡು ನಿರ್ದೇಶಕ ಸೆರ್ಜಿಯೊ ಲಿಯೋನೆಯನ್ನು ಕೊಟ್ಟ ದೇಶದ ಜನರೆದುರು ಬಯಲಲ್ಲಿ ಓಡಿತು.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಹೊಸ ಜೀವ ಪಡೆದದ್ದೂ ಬೊಲೊನ್ಯಾದ ಅದೇ ಭಂಡಾರದ ಪ್ರಯೋಗಾಲಯದಲ್ಲಿ. 2024ರಲ್ಲಿ ಅದು ವೆನಿಸ್ ಉತ್ಸವದ ಪರದೆ ಕಂಡಿತು. ಅನಂತಮೂರ್ತಿಯವರ ಕಥೆಯ ಆ ಚಿತ್ರ ತೀರ್ಥಹಳ್ಳಿಯ ಬಯಲಲ್ಲಿ, ಶಿವಮೊಗ್ಗದ ಮೈದಾನದಲ್ಲಿ, ಟಿಕೆಟ್ ಇಲ್ಲದೆ, ಚಾಪೆ ಹಾಸಿ ಕೂತ ಜನರೆದುರು ಓಡಬೇಕು. ಪ್ರಿಂಟಂತೂ ತಯಾರಿದೆ, ಇನ್ನು ಬೇಕಿರುವುದು ಒಂದು ಪರದೆ, ಒಂದು ಪ್ರೊಜೆಕ್ಟರ್, ಮಳೆಯಿಲ್ಲದ ಒಂದು ರಾತ್ರಿ.